ಮಗಳ ಗಿಫ್ಟೆಡ್ ತರಗತಿಯಲ್ಲಿ ಒಂದೂ ಕಪ್ಪು ಮಗು ಇಲ್ಲ. ಇದು ಎಲ್ಲ ಕಡೆಯೂ ಹೀಗೆಯೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ. ಊರಿನ ಹೆಸರು ಬೇಡ. ಶಾಲೆಯವರಿಗೆ ಕನ್ನಡ ಬರುವುದಿಲ್ಲ ನಿಜ, ಆದರೆ ಗೂಗಲ್‌ಗೆ ಬರುತ್ತದೆ.

ಮಗಳು ಮೂರನೆಯ ತರಗತಿ. ಈ ವರ್ಷ ಗಿಫ್ಟೆಡ್ ತರಗತಿಗೆ (ಪ್ರತಿಭಾವಂತರೆಂದು ಗುರುತಿಸಿದ ಮಕ್ಕಳ ವಿಶೇಷ ತರಗತಿ) ಆಯ್ಕೆಯಾದಳು. ಕಳೆದ ವಾರ ಪೋಷಕರ ಸಭೆಗೆ ಹೋಗಿದ್ದೆ. 22 ಮಕ್ಕಳು. 11 ನಮ್ಮವರು, ನಾಲ್ಕು ಚೀನೀಯರು, ಉಳಿದ ಏಳು ಬಿಳಿಯರು. ಶಾಲೆಯಲ್ಲಿ ಹತ್ತಕ್ಕೆ ನಾಲ್ಕು ಮಕ್ಕಳು ಕಪ್ಪು ಜನಾಂಗದವರು. ಈ ಕೋಣೆಯಲ್ಲಿ ಒಬ್ಬರೂ ಇಲ್ಲ.

ಮಗಳಿಗೊಬ್ಬಳು ಕಪ್ಪು ಗೆಳತಿಯಿದ್ದಾಳೆ. ಬುಧವಾರ ಬುಧವಾರ ನಮ್ಮ ಮನೆಯಲ್ಲೇ ಇರುತ್ತಾಳೆ. ಅವಲಕ್ಕಿ ಒಗ್ಗರಣೆ ತಿನ್ನುತ್ತಾ, ಕೈ ಒರೆಸಿಕೊಳ್ಳದೆಯೇ, ನನ್ನ ಮಗಳ ಭಿನ್ನರಾಶಿ ಲೆಕ್ಕಗಳನ್ನು ತಿದ್ದುವವಳು ಅವಳೇ. ಪುಸ್ತಕದ ತುಂಬ ಅರಿಸಿನದ ಬೆರಳಚ್ಚು. ಅವಳು ಆಯ್ಕೆಯಾಗಿಲ್ಲ. ಪರೀಕ್ಷೆಯನ್ನೇ ಬರೆದಿಲ್ಲ. ಪರೀಕ್ಷೆಗೆ ಹೆಸರು ಕೊಡಬೇಕೆಂಬ ಹಸಿರು ಚೀಟಿಯೊಂದು ಅಕ್ಟೋಬರ್‌ನಲ್ಲಿ ಮಕ್ಕಳ ಚೀಲದಲ್ಲಿ ಬಂದಿತ್ತಂತೆ. ನನಗೂ ಅದು ಕಂಡಿರಲಿಲ್ಲ. ನಮ್ಮವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಅದರ ಫೋಟೊ ಹಾಕಿದ್ದರಿಂದ ಗೊತ್ತಾಯಿತು. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಆಕೆಗೆ ಆ ಗುಂಪು ಎಲ್ಲಿಂದ ಬರಬೇಕು?

ನಿಮ್ಮ ಕಡೆಯೂ ಹೀಗೆಯೇ? ನಾನು ಏನಾದರೂ ಮಾಡಬಹುದೇ, ಅಥವಾ ಸುಮ್ಮನಿರುವುದೇ ಲೇಸೇ?

ಹಳೇಸೇತುವೆ
ನೀವು ಚೀಟಿ ತುಂಬಿದಿರಿ, ಅವರು ತುಂಬಲಿಲ್ಲ. ಇದರಲ್ಲಿ ಜನಾಂಗದ ಮಾತು ಎಲ್ಲಿಂದ ಬಂತು? ನಮ್ಮ ಮಕ್ಕಳು ಕಷ್ಟಪಟ್ಟು ಓದಿ ಮುಂದೆ ಬಂದರೆ ಅದಕ್ಕೂ ತಪ್ಪಿತಸ್ಥ ಭಾವವೇ?

ತುಂಗಾತೀರ
ಪರೀಕ್ಷೆ ಬರೆದು ನಪಾಸಾಗಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ ಅಣ್ಣ. ಬರೆಯಲೇ ಇಲ್ಲ ಎಂಬುದೇ ನನ್ನ ತಕರಾರು.

ಸೀಮೆಸುಣ್ಣ
ಫ್ಲಾರಿಡಾದಲ್ಲಿ 14 ವರ್ಷದಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಕ್ಕ, ನೀವು ಹೇಳಿದ ಹಸಿರು ಚೀಟಿಯ ಕಥೆಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪುರಾವೆ ಇದೆ.

ಬ್ರೋವರ್ಡ್ ಕೌಂಟಿ ಎಂದರೆ ದೇಶದ ದೊಡ್ಡ ಶಾಲಾ ಜಿಲ್ಲೆಗಳಲ್ಲೊಂದು. 2005ರವರೆಗೆ ಅಲ್ಲಿಯೂ ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆ. ಆ ವರ್ಷ ನಿಯಮ ಬದಲಾಯಿತು. ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಅವರವರ ಶಾಲೆಯಲ್ಲೇ ಒಂದು ಸಣ್ಣ ಪರೀಕ್ಷೆ. ಅದರಲ್ಲಿ ಭಾಷೆ ಇಲ್ಲ, ಆಕಾರಗಳ ಒಗಟುಗಳು ಅಷ್ಟೇ. ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಪೂರ್ತಿ ಐಕ್ಯೂ ಪರೀಕ್ಷೆ. ಉತ್ತೀರ್ಣದ ಗೆರೆಯನ್ನು ಒಂದಂಗುಲವೂ ಇಳಿಸಲಿಲ್ಲ. ಆದರೂ ಗಿಫ್ಟೆಡ್ ತರಗತಿ ಸೇರಿದ ಕಪ್ಪು ಮಕ್ಕಳ ಪ್ರಮಾಣ ಶೇ 80ರಷ್ಟು, ಹಿಸ್ಪಾನಿಕ್ ಮಕ್ಕಳದು ಶೇ 130ರಷ್ಟು ಏರಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಕಾರ್ಡ್ ಅವರಿಗೆ ಮುಂದೆ ನೊಬೆಲ್ ಕೂಡ ಬಂತು (ಬೇರೆ ಕೆಲಸಕ್ಕೆ).

ಅಂದರೆ ಆ ಮಕ್ಕಳು ಮೊದಲಿನಿಂದಲೂ ಅಲ್ಲೇ ಇದ್ದರು. ಯಾರೂ ಕರೆದಿರಲಿಲ್ಲ.

ಕಥೆಯ ಕೊನೆ ಮಾತ್ರ ಕಹಿ. ಆರ್ಥಿಕ ಕುಸಿತದ ಹೊತ್ತಿಗೆ ಖರ್ಚು ಉಳಿಸಲು ಆ ಪರೀಕ್ಷೆಯ ವ್ಯವಸ್ಥೆಗೆ ಕತ್ತರಿ ಬಿತ್ತು. ಅಂಕಿ ಮತ್ತೆ ಹಳೆಯ ಜಾಗಕ್ಕೆ ಇಳಿಯಿತು.

ಬರಿಗಾಲು
ಗೆರೆ ಇಳಿಸದೆ ಶೇ 80! ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಇದನ್ನು ಹಾಕುತ್ತೇನೆ. ನಂತರ ಗುಂಪಿನಿಂದ ಹೊರಬೀಳುತ್ತೇನೆ.

ಹಳೇಸೇತುವೆ
ಸೀಮೆಸುಣ್ಣ ಅವರು ಹೇಳಿದ್ದು ಒಪ್ಪುತ್ತೇನೆ, ಎಲ್ಲರಿಗೂ ಪರೀಕ್ಷೆ ಇಡಲಿ. ಆದರೆ ಮನೆಯ ವಾತಾವರಣವೂ ಒಂದಿದೆಯಲ್ಲ? ನಮ್ಮಲ್ಲಿ ಹೊಟ್ಟೆಗೆ ಇಲ್ಲದಿದ್ದರೂ ಮಕ್ಕಳನ್ನು ಓದಿಸುತ್ತಿದ್ದರು. ಓದಿಗೆ ಬೆಲೆ ಕೊಡದ ಮನೆಯಲ್ಲಿ ಸರ್ಕಾರ ಏನು ಮಾಡಿದರೂ ಅಷ್ಟೇ.

ಡೆಟ್ರಾಯಿಟ್ ತಾತ
ತಮ್ಮಾ ಹಳೇಸೇತುವೆ, ನಾನು ಈ ದೇಶಕ್ಕೆ ಬಂದದ್ದು 1971ರಲ್ಲಿ. ಆಗ ನಾನೂ ಇದೇ ಮಾತು ಆಡುತ್ತಿದ್ದೆ, ಆದ್ದರಿಂದ ಕೋಪವಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ನಿವೃತ್ತ ಮನುಷ್ಯ.

ಓದಿಗೆ ಬೆಲೆ ಕೊಡದವರು ಎಂದೆಯಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಆ ಕಾನೂನು ಹೋದ ಮೇಲೆ ಅವರು ಏನು ಮಾಡಿದರು ನೋಡು. 1912ರಿಂದ 1932ರವರೆಗೆ ಕಪ್ಪು ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಅವರ ಯೋಜನೆಗೆ ಸಿಯರ್ಸ್ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ಹಣ ಕೊಟ್ಟು ಸುಮಾರು 5,000 ಶಾಲೆಗಳು ಎದ್ದವು. ಷರತ್ತೇನೆಂದರೆ ಊರಿನವರೂ ಪಾಲು ಹಾಕಬೇಕು. ಗೇಣಿಗೆ ಹತ್ತಿ ಬೆಳೆಯುತ್ತಿದ್ದ ಕಪ್ಪು ರೈತರು ಸೇರಿಸಿದ ಹಣ ಆ ಶ್ರೀಮಂತ ಕೊಟ್ಟದ್ದಕ್ಕಿಂತ ಹೆಚ್ಚಾಯಿತು. ಸರ್ಕಾರಕ್ಕೆ ತೆರಿಗೆ ಕಟ್ಟಿ, ಆ ತೆರಿಗೆಯಿಂದ ಬಿಳಿಯರ ಶಾಲೆ ನಡೆದು, ತಮ್ಮ ಮಕ್ಕಳಿಗೆ ಮತ್ತೆ ಕೈಯಿಂದ ಹಾಕಿದರು. ಇದಕ್ಕಿಂತ ಹೆಚ್ಚಿನ ಬೆಲೆ ಯಾವ ಮನೆಯಲ್ಲಿ ಕೊಟ್ಟಿದ್ದಾರೆ?

1954ರ ಬ್ರೌನ್ ತೀರ್ಪು ನಿನಗೆ ಗೊತ್ತಿರುತ್ತದೆ. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆ ಸಂವಿಧಾನಬಾಹಿರ ಎಂದಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಏನು ಮಾಡಿದರು? ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಮೇಲು ಎಂದು 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿದರು. 1964ರವರೆಗೆ ತೆರೆಯಲಿಲ್ಲ. ಬಿಳಿಯರಿಗೆ ಖಾಸಗಿ ಶಾಲೆ ಕಟ್ಟಿಕೊಂಡರು. ಆಗ ಆರು ವರ್ಷವಾಗಿದ್ದ ಮಗುವಿಗೆ ಈಗ ಎಪ್ಪತ್ತು ದಾಟಿದೆ. ಅವರೂ ಅಜ್ಜ ಅಜ್ಜಿಯರೇ, ಅವರಿಗೂ ಮೊಮ್ಮಕ್ಕಳಿದ್ದಾರೆ.

ಇನ್ನು ನನ್ನ ಊರಿನದು. ಡೆಟ್ರಾಯಿಟ್ ನಗರದಿಂದ ಬಿಳಿಯರು ಹೊರವಲಯಕ್ಕೆ ಹೋಗಿಬಿಟ್ಟಿದ್ದರು, ಶಾಲೆಗೆ ತೆರಿಗೆ ಕೊಡುವ ಮನೆಗಳೂ ಅವರ ಜೊತೆ ಹೋದವು. ನಗರವನ್ನೂ 53 ಹೊರವಲಯದ ಶಾಲಾ ಜಿಲ್ಲೆಗಳನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕು ಎಂದು ಕೆಳಗಿನ ನ್ಯಾಯಾಲಯ ಹೇಳಿತು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಹೊಡೆದುಹಾಕಿತು. ಬ್ರೌನ್ ಪ್ರಕರಣವನ್ನು ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಅಷ್ಟು ಹೊತ್ತಿಗೆ ಅದೇ ಪೀಠದಲ್ಲಿ ನ್ಯಾಯಮೂರ್ತಿ. ಸೋತ ನಾಲ್ವರಲ್ಲಿ ಅವರೂ ಒಬ್ಬರು. ಆ ವರ್ಷವೇ ನಾವು ಹೊರವಲಯದಲ್ಲಿ ಮನೆ ಕೊಂಡೆವು. ದಲ್ಲಾಳಿ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾ ಒಂದು ರಸ್ತೆಯ ಈ ಬದಿಯ ಮನೆಗಳನ್ನು ಮಾತ್ರ ತೋರಿಸಿದ. ಆ ಬದಿಯದು ಏಕೆ ತೋರಿಸುವುದಿಲ್ಲ ಎಂದು ಕೇಳಿದೆ. "ಈ ಬದಿಯ ಶಾಲೆ ಚೆನ್ನಾಗಿದೆ" ಎಂದ. ನಾನು ತಲೆಯಾಡಿಸಿ ಸಹಿ ಹಾಕಿದೆ. ಅದರ ಅರ್ಥ ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ನಾವು ಇಲ್ಲಿಗೆ ಬರಲು ಬಾಗಿಲು ತೆರೆದ 1965ರ ವಲಸೆ ಕಾನೂನಿಗೂ ನಾಗರಿಕ ಹಕ್ಕುಗಳ ಚಳವಳಿಯೇ ಗಾಳಿ. ಅವರು ಲಾಠಿ ತಿಂದರು, ನಮಗೆ ವೀಸಾ ಸಿಕ್ಕಿತು.

ಬರಿಗಾಲು
ಐದು ವರ್ಷ ಶಾಲೆಗೆ ಬೀಗ?! ಕೊರೊನಾ ಕಾಲದ ಒಂದು ವರ್ಷಕ್ಕೇ ನಾವು ತಲೆ ಚಚ್ಚಿಕೊಂಡೆವು.

ಪದಸಂಚಿ
ವಿಷಯಾಂತರಕ್ಕೆ ಕ್ಷಮೆಯಿರಲಿ. ಇಲ್ಲಿ "ಕಪ್ಪು ಜನಾಂಗ" ಎನ್ನುತ್ತಿದ್ದೀರಿ, ಪತ್ರಿಕೆಗಳು "ಕಪ್ಪು ವರ್ಣೀಯರು" ಎನ್ನುತ್ತವೆ, ನನ್ನ ಮಾವ "ಕರಿಯರು" ಎನ್ನುತ್ತಾರೆ. ಯಾವುದು ಸರಿ? "ಆಫ್ರಿಕನ್ ಅಮೆರಿಕನ್" ಎಂದರೆ ಮೊನ್ನೆ ನೈಜೀರಿಯಾದಿಂದ ಬಂದವರೂ ಸೇರುತ್ತಾರೋ ಇಲ್ಲವೋ.

ಮೈಸೂರುಪಾಕ
ನಮ್ಮೂರಿನಲ್ಲಿ ಕರಿಯಪ್ಪ, ಕರಿಬಸವ ಎಂದು ಹೆಮ್ಮೆಯಿಂದ ಹೆಸರಿಡುತ್ತಾರೆ. ಅದೇ ಬಾಯಲ್ಲಿ "ಬಿಸಿಲಲ್ಲಿ ಆಡಬೇಡ, ಕಪ್ಪಾದರೆ ಗಂಡು ಸಿಗುವುದಿಲ್ಲ" ಎಂದೂ ಹೇಳುತ್ತಾರೆ. ಪದ ಯಾವುದಾದರೂ ಇರಲಿ, ಧಾಟಿ ನೋಡಿ. ನಿಮ್ಮ ಮಾವನ ಧಾಟಿ ಹೇಗಿದೆ?

ಪದಸಂಚಿ
ಧಾಟಿ ಚೆನ್ನಾಗಿಲ್ಲ.

ಪೊಟೊಮ್ಯಾಕ್
ಉತ್ತರ ವರ್ಜೀನಿಯಾದಲ್ಲಿದ್ದೇನೆ. ಇನ್ನೊಂದು ಮಗ್ಗುಲನ್ನೂ ಯಾರಾದರೂ ಹೇಳಬೇಕಲ್ಲ. ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ಪ್ರೌಢಶಾಲೆ ದೇಶಕ್ಕೇ ಹೆಸರುವಾಸಿ. 2020ರಲ್ಲಿ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿದರು. ಪ್ರತಿ ಮಾಧ್ಯಮಿಕ ಶಾಲೆಗೂ ಎಂಟನೆಯ ತರಗತಿಯ ಶೇ 1.5ರಷ್ಟು ಸೀಟು ಎಂದರು. ಮರುವರ್ಷ ಏಷ್ಯನ್ ಮಕ್ಕಳ ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ನನ್ನ ಮಗ ಎರಡು ವರ್ಷ ಶನಿವಾರ, ಭಾನುವಾರ ಕೋಚಿಂಗಿಗೆ ಹೋಗಿದ್ದ. ಕ್ರಿಕೆಟ್ ಬಿಟ್ಟ, ಸಂಗೀತ ಬಿಟ್ಟ. ಸೀಟು ಸಿಗಲಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಪಾಪ ಏಕೆ ಸುತ್ತಿಕೊಳ್ಳಬೇಕು? ಪೋಷಕರು ಕೋರ್ಟಿಗೆ ಹೋದರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ.

ಸೀಮೆಸುಣ್ಣ
ಮಗನ ಬಗ್ಗೆ ನಿಜಕ್ಕೂ ಬೇಸರವಾಯಿತು. ಹದಿಮೂರರಲ್ಲಿ ಅದು ಸಣ್ಣ ಪೆಟ್ಟಲ್ಲ.

ಆದರೆ ಉಳಿದ ಅಂಕಿಯನ್ನೂ ಹೇಳಬೇಕಿತ್ತು. ಅದೇ ವರ್ಷ ಕಪ್ಪು ಮಕ್ಕಳು ಶೇ 1ರ ಆಸುಪಾಸಿನಿಂದ ಶೇ 7ಕ್ಕೆ ಬಂದರು. ಬಡ ಕುಟುಂಬದ ಮಕ್ಕಳು ಬೆರಳೆಣಿಕೆಯಿಂದ ಕಾಲು ಭಾಗಕ್ಕೆ ಬಂದರು. ಅವರಲ್ಲಿ ಏಷ್ಯನ್ ಮಕ್ಕಳೂ ಇದ್ದರು! ಆಯ್ಕೆ ಮಾಡುವವರಿಗೆ ಮಗುವಿನ ಜನಾಂಗವೇ ತಿಳಿಯುವಂತಿಲ್ಲ. ಮೊದಲು ಪರೀಕ್ಷೆಗೆ 100 ಡಾಲರ್ ಶುಲ್ಕವಿತ್ತು, ಅದರ ಮೇಲೆ ನಿಮ್ಮಂತಹವರ ಎರಡು ವರ್ಷದ ಕೋಚಿಂಗ್ ಖರ್ಚು. ಬಾಗಿಲಿಗೆ ಟಿಕೆಟ್ ಇಟ್ಟು ಪ್ರತಿಭೆ ಅಳೆಯುತ್ತೇವೆ ಎನ್ನುವುದು ನನಗೆ ಒಗ್ಗುವುದಿಲ್ಲ.

ಪೊಟೊಮ್ಯಾಕ್
ಕೋಚಿಂಗಿಗೆ ಹಣ ಕಟ್ಟಲು ನಾನು ಶನಿವಾರವೂ ಕೆಲಸ ಮಾಡಿದ್ದೇನೆ. ಅದನ್ನು ಟಿಕೆಟ್ ಎನ್ನಬೇಡಿ.

ಸೀಮೆಸುಣ್ಣ
ಸರಿ, ಆ ಪದ ಹಿಂತೆಗೆದುಕೊಂಡೆ. ವಾದ ಹಿಂತೆಗೆದುಕೊಳ್ಳುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್
ಬೆಂಗಳೂರಿನಿಂದ ನೋಡುತ್ತಿರುವವನಿಗೆ ನಗು ಬರುತ್ತಿದೆ. ಇಲ್ಲಿಯ ಮೀಸಲಾತಿ ಬೇಡ ಎಂದು ಅಲ್ಲಿಗೆ ಓಡಿಹೋದಿರಿ, ಅಲ್ಲಿಯೂ ಮೀಸಲಾತಿ!

ಮೈಸೂರುಪಾಕ
ತಪ್ಪು ಸ್ವಾಮಿ. ಅಮೆರಿಕದ ಕಾಲೇಜುಗಳಲ್ಲಿ ಸೀಟು ಎಣಿಸಿ ಕಾದಿರಿಸುವುದನ್ನು 1978ರ ಬಕ್ಕೆ ತೀರ್ಪಿನಲ್ಲೇ ನಿಷೇಧಿಸಿದ್ದಾರೆ. ಆ ಪ್ರಕರಣದ ವೈದ್ಯಕೀಯ ಕಾಲೇಜಿನಲ್ಲಿ 100ಕ್ಕೆ 16 ಸೀಟು ಇಟ್ಟಿದ್ದರು, ಅದೂ ಹೋಯಿತು. ಉಳಿದದ್ದು "ಹಲವು ಅಂಶಗಳಲ್ಲಿ ಜನಾಂಗವೂ ಒಂದು" ಎಂಬ ಪರಿಗಣನೆ ಮಾತ್ರ. 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಅದಕ್ಕೂ ತೆರೆ ಬಿತ್ತು. ಮರುವರ್ಷ ಎಂಐಟಿ ಸೇರಿದ ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಶೇ 5. ಅದಕ್ಕೆ ಹಿಂದಿನ ವರ್ಷಗಳಲ್ಲಿ ಸರಾಸರಿ ಶೇ 13 ಇತ್ತು.

ಇನ್ನೊಂದು. ಮೀಸಲಾತಿ ನಿಮಗೆ ಅಷ್ಟು ನಗು ತರಿಸುವುದಾದರೆ, ನಮ್ಮ ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಲು ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ಅಮೆರಿಕದಿಂದ ಕಲಿತದ್ದಲ್ಲ.

ಜಯನಗರ ನಾಲ್ಕನೇ ಬ್ಲಾಕ್
ಇತಿಹಾಸ ಪಾಠಕ್ಕೆ ಧನ್ಯವಾದ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಶಾಲ್ಮಲಾ
ಯಲ್ಲಾಪುರದ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕಿ ನಾನು. ಅಮೆರಿಕದ ಕಾನೂನು ನನಗೆ ತಿಳಿಯದು. ಆದರೆ ತುಂಗಾತೀರ ಅವರ ಮಗಳ ಗೆಳತಿಯ ಕಥೆ ಓದಿ ನನ್ನ ತರಗತಿ ನೆನಪಾಯಿತು.

ನಮ್ಮಲ್ಲಿ ಸಿದ್ದಿ ಮಕ್ಕಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ತಂದ ಗುಲಾಮರ ಸಂತತಿ, ಈಗ ಇಲ್ಲಿಯ ಕಾಡಿನವರೇ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ ಮಾತ್ರ. ನಾನು ಹೊಸದಾಗಿ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು "ಇವರನ್ನು ಓಟಕ್ಕೆ ಹಾಕಿ, ಲೆಕ್ಕಕ್ಕೆ ತಲೆಕೆಡಿಸಿಕೊಳ್ಳಬೇಡಿ" ಎಂದಿದ್ದರು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರೂ ಆಫ್ರಿಕಾ ಮೂಲ ಎಂಬ ಕಾರಣಕ್ಕೇ ಸಿದ್ದಿ ಮಕ್ಕಳನ್ನು ಹುಡುಕಿ ಕರೆದೊಯ್ದು ತರಬೇತಿ ಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ಕೈಬಿಟ್ಟರು. ಓಡಿಸಲು ಹುಡುಕಿಕೊಂಡು ಬಂದ ಜೀಪು ಓದಿಸಲು ಬರಲಿಲ್ಲ.

ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗ ಜೇನು ಮಾರಿದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ. ಕಾಲು ಕಿಲೋ, ಮುಕ್ಕಾಲು ಕಿಲೋ ಎಲ್ಲ. ಅದೇ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಎದ್ದು ನಿಂತು ಸುಮ್ಮನಾಗುತ್ತಿದ್ದ. ಬರುವುದಿಲ್ಲವೆಂದು ಅವನಿಗೆ ಮೊದಲೇ ಯಾರೋ ಹೇಳಿಬಿಟ್ಟಿದ್ದರು.

ಸೀಮೆಸುಣ್ಣ
ಶಾಲ್ಮಲಾ ಮೇಡಂ, ನಿಮ್ಮ ಕೊನೆಯ ವಾಕ್ಯಕ್ಕೆ ಇಲ್ಲಿ ಅಂಕಿ ಅಂಶವೇ ಇದೆ.

2011-12ರ ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತೇನೆ. ಶಾಲಾಪೂರ್ವ ತರಗತಿಗಳಲ್ಲಿ ಕಪ್ಪು ಮಕ್ಕಳು ಶೇ 18. ಒಂದಕ್ಕಿಂತ ಹೆಚ್ಚು ಬಾರಿ ಅಮಾನತಾಗಿ ಮನೆಗೆ ಕಳುಹಿಸಲ್ಪಟ್ಟವರಲ್ಲಿ ಶೇ 48. ನಾಲ್ಕು ವರ್ಷದ ಮಗುವಿನ ಅಮಾನತು! ಪಾಟಿ ಹಿಡಿಯುವ ಮೊದಲೇ ದಾಖಲೆಯಲ್ಲಿ ಕೆಂಪು ಗೆರೆ.

ಶಿಕ್ಷಕರ ವಿಷಯವೂ ಇದೆ. ಬ್ರೌನ್ ತೀರ್ಪಿನ ನಂತರ ಶಾಲೆಗಳನ್ನು ಸೇರಿಸಿದಾಗ ಮುಚ್ಚಿದ್ದು ಕಪ್ಪು ಜನರ ಶಾಲೆಗಳನ್ನು, ತೆಗೆದದ್ದು ಅವರ ಶಿಕ್ಷಕರನ್ನು. ಹತ್ತು ವರ್ಷಗಳಲ್ಲಿ ಸುಮಾರು 38,000 ಮಂದಿ ಕೆಲಸ ಕಳೆದುಕೊಂಡರೆಂಬ ಅಂದಾಜಿದೆ. ಆ ಗಾಯ ಇನ್ನೂ ಮಾಸಿಲ್ಲ. ಇಂದು ದೇಶದ ಸರ್ಕಾರಿ ಶಾಲಾ ಶಿಕ್ಷಕರಲ್ಲಿ ಕಪ್ಪು ಜನರು ಶೇ 6-7, ಮಕ್ಕಳಲ್ಲಿ ಶೇ 15. ನಾರ್ತ್ ಕ್ಯಾರೊಲೈನಾದ ಮಕ್ಕಳ ಮೇಲೆ ನಡೆದ ಅಧ್ಯಯನದ ಪ್ರಕಾರ ಮೂರರಿಂದ ಐದನೆಯ ತರಗತಿಯೊಳಗೆ ಒಬ್ಬರೇ ಒಬ್ಬರು ಕಪ್ಪು ಶಿಕ್ಷಕರು ಸಿಕ್ಕಿದರೂ ಕಡುಬಡವರ ಮನೆಯ ಕಪ್ಪು ಹುಡುಗರು ಪ್ರೌಢಶಾಲೆ ಬಿಡುವ ಸಂಭವ ಶೇ 39ರಷ್ಟು ಕಡಿಮೆಯಾಯಿತು.

ನಾನು ಕಪ್ಪು ಶಿಕ್ಷಕಿಯಲ್ಲ. ಆದ್ದರಿಂದ ನಾನು ಮಾಡಬಹುದಾದದ್ದು, ಯಾರ ಹೆಸರನ್ನು ಸೂಚಿಸಿದೆ, ಯಾರದನ್ನು ಬಿಟ್ಟೆ ಎಂದು ವರ್ಷಕ್ಕೊಮ್ಮೆ ಪಟ್ಟಿ ತೆಗೆದು ನೋಡುವುದು. ಮೊದಲ ವರ್ಷದ ಪಟ್ಟಿ ನೋಡಿ ನನಗೇ ನಾಚಿಕೆಯಾಗಿತ್ತು.

ಬೆಣ್ಣೆದೋಸೆ
ಎಲ್ಲ ಓದಿದೆ. ಒಂದು ಪ್ರಶ್ನೆ. ತುಂಗಾತೀರ ಅಕ್ಕ, ಅವಲಕ್ಕಿ ಒಗ್ಗರಣೆಗೆ ಯಾವ ಅವಲಕ್ಕಿ ಹಾಕುತ್ತೀರಿ? ನನ್ನದು ಯಾವಾಗಲೂ ಮುದ್ದೆಯಾಗುತ್ತದೆ.

ಹಳೇಸೇತುವೆ
ಇಷ್ಟು ಗಂಭೀರ ಚರ್ಚೆಯ ಮಧ್ಯೆ!

ಬೆಣ್ಣೆದೋಸೆ
ಹಸಿವೂ ಗಂಭೀರವೇ.

ಹಳೇಸೇತುವೆ
ತಾತ ಹೇಳಿದ ರೋಸೆನ್‌ವಾಲ್ಡ್ ಶಾಲೆಗಳ ಬಗ್ಗೆ ನಿನ್ನೆ ರಾತ್ರಿ ಕುಳಿತು ಓದಿದೆ. ನನಗೆ ಗೊತ್ತಿರಲಿಲ್ಲ. "ಓದಿಗೆ ಬೆಲೆ ಕೊಡದ ಮನೆ" ಎಂದದ್ದು ತಪ್ಪಾಯಿತು. ಸರಿ, ಈಗ ಈ ತಾಯಿ ನಾಳೆ ಬೆಳಿಗ್ಗೆ ಏನು ಮಾಡಬೇಕು? ಇತಿಹಾಸ ಸಾಕು, ದಾರಿ ಹೇಳಿ.

ಸೀಮೆಸುಣ್ಣ
ಹಸಿರು ಚೀಟಿಯನ್ನೇ ತೆಗೆದುಹಾಕಿಸಬೇಕು. ಡಲ್ಲಾಸ್‌ನಲ್ಲಿ 2019ರಿಂದ ಹಾಗೆ ಮಾಡಿದ್ದಾರೆ. ಐದನೆಯ ತರಗತಿಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಮಗು ತಾನಾಗಿಯೇ ಮೇಲ್ಮಟ್ಟದ ಗಣಿತ ತರಗತಿಗೆ ಸೇರುತ್ತದೆ. ಬೇಡವೆಂದರೆ ಪೋಷಕರು ಬರೆದುಕೊಡಬೇಕು. ಬೇಕೆನ್ನಲು ಅರ್ಜಿ ಬೇಕಿಲ್ಲ. ಟೆಕ್ಸಾಸ್ 2023ರಲ್ಲಿ ಅದನ್ನೇ ರಾಜ್ಯದ ಕಾನೂನು ಮಾಡಿತು, ನಾರ್ತ್ ಕ್ಯಾರೊಲೈನಾ 2018ರಲ್ಲೇ ಇಂತಹದ್ದೊಂದು ಕಾನೂನು ತಂದಿತ್ತು. ನಿಮ್ಮ ಶಾಲಾ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶವಿರುತ್ತದೆ. ಹೋಗಿ ಕೇಳಿ.

ಮೈಸೂರುಪಾಕ
ಕೇಳುವ ಮೊದಲು ಆ ಹುಡುಗಿಯ ತಾಯಿಯನ್ನು ಮಾತನಾಡಿಸಿ. ಆಕೆಯನ್ನು ಬಿಟ್ಟು ಆಕೆಯ ಮಗಳನ್ನು ಉದ್ಧಾರ ಮಾಡಲು ಹೊರಟರೆ ಅದು ಬೇರೆಯೇ ಫಜೀತಿ.

ಡೆಟ್ರಾಯಿಟ್ ತಾತ
ಮೈಸೂರುಪಾಕ ಹೇಳಿದ್ದು ನೂರಕ್ಕೆ ನೂರು.

ತುಂಗಾತೀರ (ಹದಿನೈದು ದಿನಗಳ ನಂತರ)
ಎಲ್ಲರಿಗೂ ಧನ್ಯವಾದ. ಆಕೆಯನ್ನು ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಹಿಡಿದೆ. ಬೆಳಿಗ್ಗೆ ಏಳೂವರೆ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಮಗಳನ್ನು ಬಿಡಲು ಬಂದಿದ್ದರು. ನಾನು ಹಸಿರು ಚೀಟಿಯ ಬಗ್ಗೆ ತಡವರಿಸುತ್ತಾ ವಿವರಿಸಲು ಹೊರಟೆ. ಪೂರ್ತಿ ಕೇಳಿಸಿಕೊಂಡು, ಫೋನ್ ತೆಗೆದು ಒಂದು ಇಮೇಲ್ ತೋರಿಸಿದರು. ಹಿಂದಿನ ವರ್ಷದ್ದು. ಅವರು ಎರಡನೆಯ ತರಗತಿಯಲ್ಲೇ ಕೇಳಿದ್ದರು. "ಮಗು ಚುರುಕಾಗಿದೆ, ಆದರೆ ಮಾತು ಜಾಸ್ತಿ, ಒಂದು ವರ್ಷ ಕಾಯೋಣ" ಎಂದು ಉತ್ತರ ಬಂದಿತ್ತು. ಈ ವರ್ಷವೂ ಚೀಟಿ ತುಂಬಿ ಮಗಳ ಚೀಲದಲ್ಲಿ ಇಟ್ಟಿದ್ದರಂತೆ. ಶಾಲೆ ಅದು ಬಂದೇ ಇಲ್ಲ ಎನ್ನುತ್ತದೆ.

ಆಕೆಗೆ ಗೊತ್ತೇ ಇಲ್ಲವೆಂದು ಈ ಪೋಸ್ಟಿನಲ್ಲಿ ಎಷ್ಟು ಧೈರ್ಯವಾಗಿ ಬರೆದಿದ್ದೇನೆ ನೋಡಿ. ನನ್ನ ಮಗಳೂ ಬಾಯಿ ಮುಚ್ಚುವುದಿಲ್ಲ. ಅವಳ ವರದಿಯಲ್ಲಿ ಅದಕ್ಕೆ "ಉತ್ಸಾಹಿ" ಎಂದು ಬರೆದಿದ್ದಾರೆ.

ಮುಂದಿನ ಮಂಗಳವಾರ ಮಂಡಳಿಯ ಸಭೆ. ಎಲ್ಲ ಎರಡನೆಯ ತರಗತಿಯ ಮಕ್ಕಳಿಗೂ ಪರೀಕ್ಷೆ ಇಡಬೇಕೆಂದು ಆಕೆಯೇ ಮಾತನಾಡುತ್ತಾರೆ, ಮೂರು ನಿಮಿಷ ಕೊಟ್ಟಿದ್ದಾರೆ. ಬ್ರೋವರ್ಡ್ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ಆ ರಾತ್ರಿ ಎರಡೂ ಮಕ್ಕಳು ನಮ್ಮ ಮನೆಯಲ್ಲಿ.

ಡೆಟ್ರಾಯಿಟ್ ತಾತ
ಮೂರು ನಿಮಿಷ ಎಂದರೆ ಮೂರೇ ನಿಮಿಷ, ಗಂಟೆ ಹೊಡೆದು ಮೈಕ್ ಆರಿಸುತ್ತಾರೆ. ಇಮೇಲ್ ವಿಷಯ ಮೊದಲು ಹೇಳಲಿ, ಅಂಕಿ ಆಮೇಲೆ.

ಹಳೇಸೇತುವೆ
ಸಭೆಗೆ ನಮ್ಮವರನ್ನೂ ನಾಲ್ಕು ಜನ ಕರೆದುಕೊಂಡು ಹೋಗಿ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತರೂ ಸಾಕು, ಮಂಡಳಿಯವರು ತಲೆ ಎಣಿಸುತ್ತಾರೆ.

ತುಂಗಾತೀರ
ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದ್ದೇನೆ. ಇಬ್ಬರು ಬರುತ್ತೇನೆ ಎಂದಿದ್ದಾರೆ, ಒಂಬತ್ತು ಜನ ಕೈಮುಗಿಯುವ ಇಮೋಜಿ ಹಾಕಿದ್ದಾರೆ.

ಬೆಣ್ಣೆದೋಸೆ, ದಪ್ಪ ಅವಲಕ್ಕಿ ತೆಗೆದುಕೊಳ್ಳಿ. ನೆನೆಸಿಡಬೇಡಿ, ಜರಡಿಯಲ್ಲಿ ಹಾಕಿ ನೀರು ಹರಿಸಿ ಹತ್ತು ನಿಮಿಷ ಬಿಡಿ.